ಬಿಸಿಲೇರಿದರೆ ಬಿಳಿಜೋಳದ ಗತಿಯೇನು?

ಕೃಷ್ಣಾತೀರದ ಯಡೂರು ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳವು ನಮ್ಮ ಹಿರಿಯರು ನೆಚ್ಚಿದ ಬೆಳೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿದ ಮೇಲೆ ಮಳೆ ಬಾರದಿದ್ದರೂ ಮಣ್ಣು ಹಿಡಿದಿಟ್ಟ ಹಸಿಯಲ್ಲಿಯೇ ಅದು ಬೆಳೆಯುತ್ತದೆ. ಬೇರು ಆಳಕ್ಕಿಳಿಯುತ್ತದೆ, ಎಲೆಯ ಮೇಲಿನ ಮೇಣದ ಲೇಪವು ನೀರು ಆವಿಯಾಗುವುದನ್ನು ತಗ್ಗಿಸುತ್ತದೆ.

ಆದರೆ ಬರವನ್ನು ತಾಳಿದ ಬೆಳೆ ಬಿಸಿಯನ್ನೆಲ್ಲ ತಾಳಲಾರದು. ಹೂಬಿಡುವಾಗ ಹಗಲಿನ ತಾಪ 36-38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗವು ಸತ್ವಗೆಟ್ಟು ಕಾಳುಗಟ್ಟುವುದು ಕುಂದುತ್ತದೆ. ನಮ್ಮಲ್ಲಿ ಅದು ಚಳಿಗಾಲದಲ್ಲಿ ಹೂಬಿಡುವುದರಿಂದ ಈ ಭಯ ಕಡಿಮೆ. ಚಳಿಯೇ ಕುಗ್ಗುವುದು ನಮ್ಮ ಚಿಂತೆ. ರಾತ್ರಿ ಬೆಚ್ಚಗಾದರೆ ಪೈರು ಕೂಡಿಟ್ಟ ಸತ್ವವನ್ನು ಉಸಿರಾಟದಲ್ಲಿಯೇ ಹೆಚ್ಚು ವ್ಯಯಿಸುತ್ತದೆ, ಬೇಗನೆ ಮಾಗುತ್ತದೆ, ಕಾಳು ಸಣ್ಣದಾಗುತ್ತದೆ. ಕಾಳು ತುಂಬುವಾಗ ನೆಲ ಕಾಯ್ದು ಹಸಿಯಾರಿದರೆ ಇದ್ದಿಲು ಕೊಳೆರೋಗ ತಗಲಿ ದಂಟು ನೆಲಕ್ಕೊರಗುತ್ತದೆ.

ಇದು ಆರೋಗ್ಯದ ಮಾತೂ ಹೌದು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಹೆಚ್ಚುಕಡಿಮೆ ಅಷ್ಟೇ ನಾರು ಇದೆ. ಊಟದ ತರುವಾಯ ರಕ್ತದ ಸಕ್ಕರೆ ಒಮ್ಮೆಲೇ ಏರದಂತೆ ಆ ನಾರು ನೆರವಾಗುತ್ತದೆ. ಕಬ್ಬಿನ ನಾಡಿನಲ್ಲಿ ಉಳಿದಿರುವ ಜೋಳದ ಹೊಲವೂ ಸೊರಗಿದರೆ ಕಳೆದುಕೊಳ್ಳುವವರು ಉಣ್ಣುವವರಾದ ನಾವೇ.

ಆದುದರಿಂದ ಸಕಾಲದಲ್ಲಿ ಬಿತ್ತೋಣ, ಬದು ಕಟ್ಟಿ ಮಳೆನೀರು ಇಂಗಿಸೋಣ, ಎಡೆಕುಂಟೆ ಹೊಡೆದು ನೆಲದ ಬಿರುಕು ಮುಚ್ಚೋಣ. ಪಟ್ಟಣದ ಸದ್ಭಕ್ತರು ದಿನಕ್ಕೊಂದು ಹೊತ್ತಾದರೂ ರೊಟ್ಟಿ ಉಂಡರೆ ಬೆಳೆಗಾರನಿಗೆ ಅದೇ ಆಸರೆ.