ಮಗ್ಗದ ಮನೆಯಲ್ಲಿ ಗೂಢಚಾರ

ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿಂಭಾಗದಲ್ಲಿ ಒಂದು ಉದ್ದನೆಯ ಕೋಣೆಯಿದೆ. ನಾಲ್ಕು ವಿದ್ಯುತ್ ಮಗ್ಗಗಳು ಅಲ್ಲಿ ಹಗಲಿರುಳೆನ್ನದೆ ಓಡಿದವು. ನನ್ನ ಓದು, ತಂಗಿಯ ಮದುವೆ, ಮನೆಯ ತಾರಸಿ ಎಲ್ಲವೂ ಆ ಕೋಣೆಯಿಂದಲೇ ಬಂದವು. ಅಪ್ಪನಿಗೆ ಕೈಲಾಗದೆ ಮಗ್ಗಗಳನ್ನು ಮಾರಿದ ಮೇಲೆ ಕೋಣೆ ಖಾಲಿ ಬಿತ್ತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಾನು ಅಲ್ಲಿ ಹೋಮ್ ಥಿಯೇಟರ್ ಕೂರಿಸಿದೆ. ಮಗ್ಗದ ಸದ್ದನ್ನೇ ತಡೆದ ಗೋಡೆಗಳಿಗೆ ಸಿನಿಮಾದ ಸದ್ದು ಯಾವ ಲೆಕ್ಕ ಎಂಬುದು ನನ್ನ ಎಣಿಕೆಯಾಗಿತ್ತು.

ಉದ್ಘಾಟನೆಗೆ ಆರಿಸಿಕೊಂಡದ್ದು ಸ್ಯಾಮ್ ಮೆಂಡಿಸ್ ನಿರ್ದೇಶನದ 2012ರ ಬಾಂಡ್ ಚಿತ್ರ 'ಸ್ಕೈಫಾಲ್'. ಇಸ್ತಾಂಬುಲ್‌ನ ಮಾಳಿಗೆಗಳ ಮೇಲೆ ಬೈಕುಗಳು ಧಾವಿಸಿದವು. ಓಡುವ ರೈಲಿನ ಮೇಲೆ ನಾಯಕ ಮಣ್ಣು ಅಗೆಯುವ ಯಂತ್ರವನ್ನೇ ಚಲಾಯಿಸಿದ. ಮೂಲೆಯ ಸಬ್‌ವೂಫರ್ ಗುಡುಗಿದಾಗ ಕಿಟಕಿಯ ಗಾಜು ನಡುಗಿತು. ಅಪ್ಪ ಚಾಪೆಯ ಮೇಲೆ ಅಂಗೈ ಊರಿ ಕುಳಿತಿದ್ದವರು ನಕ್ಕರು. 'ನಾಲ್ಕೂ ಮಗ್ಗ ಓಡ್ದಂಗಾಗ್ತದಲ್ಲೋ' ಎಂದರು. ನನಗೆ ಹೆಮ್ಮೆಯಾಯಿತು. ಅವರು ಕೇಳುತ್ತಿರಲಿಲ್ಲ, ನೆಲದ ಕಂಪನವನ್ನು ಅಂಗೈಯಿಂದ ಅರಿಯುತ್ತಿದ್ದರು ಎಂಬುದು ಆಗ ಹೊಳೆಯಲಿಲ್ಲ.

ಆ ದೃಶ್ಯದ ಕೊನೆಯಲ್ಲಿ ಲಂಡನ್ನಿನಲ್ಲಿ ಕುಳಿತ ಮೇಲಧಿಕಾರಿಣಿ ಕಿವಿಯ ಯಂತ್ರದ ಮೂಲಕವೇ ಗುಂಡು ಹಾರಿಸಲು ಆಜ್ಞೆ ಕೊಡುತ್ತಾಳೆ. ಗುರಿ ಸ್ಪಷ್ಟವಿಲ್ಲದಿದ್ದರೂ ಸಹೋದ್ಯೋಗಿ ಹಾರಿಸುತ್ತಾಳೆ. ಗುಂಡು ಬಾಂಡ್‌ಗೇ ತಗಲುತ್ತದೆ. 'ಅವರ ಕಡೆಯವಳೇ ಯಾಕೆ ಹೊಡೆದ್ಲು?' ಎಂದು ಅಪ್ಪ ಕೇಳಿದರು. ಇಂಗ್ಲಿಷ್ ಅರ್ಥವಾಗದೆ ಕೇಳುತ್ತಿದ್ದಾರೆಂದುಕೊಂಡು ವಿವರಿಸಿದೆ. ಅವರು ತಲೆಯಾಡಿಸಿದರು. ವಿವರಣೆಯೂ ಅವರಿಗೆ ಕೇಳಿಸಿರಲಿಲ್ಲ.

ಅದು ಬಯಲಾದದ್ದು ಮರುವಾರ, 'ಜೇಡರ ಬಲೆ' ಹಾಕಿದಾಗ. ಕನ್ನಡದ ಓದುಗರಿಗೆ ಈ ಚಿತ್ರದ ಪರಿಚಯ ಬೇಕಿಲ್ಲ. ದೊರೈ-ಭಗವಾನ್ ಜೋಡಿ ಡಾ. ರಾಜಕುಮಾರ್ ಅವರನ್ನು ಸಿ.ಐ.ಡಿ. 999 ಆಗಿಸಿದ್ದು 1968ರಲ್ಲಿ. ಮೊದಲ ಬಾಂಡ್ ಚಿತ್ರ 'ಡಾಕ್ಟರ್ ನೋ' ಬಂದು ಆಗ ಆರೇ ವರ್ಷವಾಗಿತ್ತು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂದವು. ಕಚ್ಚೆ ಪಂಚೆಯ, ಕಿರೀಟದ ರಾಜಕುಮಾರ್ ಕೋಟು ತೊಟ್ಟು ಪಿಸ್ತೂಲು ಹಿಡಿದದ್ದು ಆ ಕಾಲದ ಹುಡುಗರಿಗೆ ಸಂಭ್ರಮದ ಸಂಗತಿ. ಹತ್ತು ವರ್ಷದ ಅಪ್ಪ ಅದನ್ನು ಟೆಂಟಿನಲ್ಲಿ ನೆಲದ ಮೇಲೆ ಕುಳಿತು ನೋಡಿದ್ದರು. 'ಜೇಡ' ಎಂದರೆ ಹಳೆಯ ಮಾತಿನಲ್ಲಿ ನೇಯುವವನೂ ಹೌದು. ಜೇಡರ ದಾಸಿಮಯ್ಯನೂ ನೇಕಾರನೇ. ಹಾಗಾಗಿ ಅದು ನಮ್ಮವರ ಸಿನಿಮಾ ಎಂದು ನಮ್ಮ ಬೀದಿಯಲ್ಲಿ ತಮಾಷೆ ಮಾಡುತ್ತಿದ್ದರಂತೆ.

ಚಿತ್ರ ಆರಂಭವಾಯಿತು. ಒಂದೇ ವಾಹಿನಿಯ ಹಳೆಯ ಧ್ವನಿ. ಮಾತೆಲ್ಲ ನಡುವಿನ ಸ್ಪೀಕರಿನಿಂದಲೇ ಬರುತ್ತಿತ್ತು. ಅರ್ಧ ಗಂಟೆಯ ಬಳಿಕ ಅಪ್ಪ ಮೆಲ್ಲಗೆ, 'ರಾಜಕುಮಾರ್ ಯಾಕೋ ಗೊಣಗ್ತವ್ರೆ, ಪ್ರಿಂಟು ಹಾಳಾಗೈತೇನೋ' ಎಂದರು. ಕನ್ನಡ ನಾಡಿನಲ್ಲಿ ಅಕ್ಷರ ಅಕ್ಷರವನ್ನೂ ಸ್ಫುಟವಾಗಿ ಉಚ್ಚರಿಸುವವರೆಂದು ಯಾರನ್ನು ಕೊಂಡಾಡಿದೆವೋ ಅವರ ಮಾತೇ ಗೊಣಗಾಟವಾಗಿ ಕೇಳುತ್ತಿದೆ ಎಂದಾಗ ಕೆಟ್ಟಿರುವುದು ಪ್ರಿಂಟಲ್ಲ ಎಂದು ನನಗೆ ತಿಳಿಯಿತು.

ಶಬ್ದದಿಂದ ಬರುವ ಕಿವುಡು ಒಮ್ಮೆಲೇ ಬರುವುದಿಲ್ಲ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ವರ್ಷಗಟ್ಟಲೆ ಸವೆದು ಸಾಯುತ್ತವೆ. ಸತ್ತವು ಮರಳಿ ಬೆಳೆಯುವುದಿಲ್ಲ. ಮೊದಲು ಹೋಗುವುದು ಸುಮಾರು 4000 ಹರ್ಟ್ಜ್ ಆಸುಪಾಸಿನ ತಾರಧ್ವನಿಗಳ ಗ್ರಹಿಕೆ. ಸ, ಶ, ಚ ಮುಂತಾದ ವ್ಯಂಜನಗಳ ಸುಳಿವೂ ಅಂಥ ತಾರಧ್ವನಿಗಳಲ್ಲಿಯೇ ಇರುತ್ತದೆ. ಸ್ವರಗಳು ಉಳಿಯುತ್ತವೆ. ಆದ್ದರಿಂದ ಯಾರೋ ಮಾತಾಡುತ್ತಿದ್ದಾರೆಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಹೋಮ್ ಥಿಯೇಟರಿನ 5.1 ಎಂಬ ಲೆಕ್ಕದಲ್ಲಿ '.1' ಎಂದರೆ 120 ಹರ್ಟ್ಜ್‌ಗಿಂತ ಕೆಳಗಿನ ಗುಡುಗು. ನಾನು ಸಾವಿರಾರು ರೂಪಾಯಿ ಸುರಿದು ಅಪ್ಪನಿಗೆ ಮುಟ್ಟಿಸಿದ್ದು ಅಷ್ಟನ್ನೇ.

ವರ್ಷಗಳಿಂದ ನಾವು ಮನೆಯಲ್ಲಿ, 'ಅಪ್ಪನಿಗೆ ಬೇಕಾದ್ದು ಮಾತ್ರ ಕೇಳಿಸುತ್ತದೆ' ಎಂದು ನಗುತ್ತಿದ್ದೆವು. ಅಮ್ಮ ಜಗಳವಾಡುತ್ತಿದ್ದರು. ಮೊಮ್ಮಗ ತಾತನೊಡನೆ ಮಾತಾಡುವುದನ್ನೇ ಕಡಿಮೆ ಮಾಡಿದ್ದ. ಅಪ್ಪನೂ ಉತ್ತರ ತಪ್ಪಿ ನಗೆಪಾಟಲಾಗುವುದಕ್ಕಿಂತ ಸುಮ್ಮನಿರುವುದನ್ನು ಕಲಿತಿದ್ದರು. ಆ ಮೌನವನ್ನು ನಾವು ಹಟವೆಂದು ಓದಿದೆವು.

ಮಗ್ಗದ ಕೋಣೆಗಳಲ್ಲಿ ಶಬ್ದ 90 ಡೆಸಿಬಲ್ ದಾಟುವುದು ಸಾಮಾನ್ಯ. ಎಂಟು ಗಂಟೆಯ ಕೆಲಸಕ್ಕೆ ನಮ್ಮ ನಿಯಮಗಳು ಇಟ್ಟ ಮಿತಿಯೇ 90. 1948ರ ಕಾರ್ಖಾನೆಗಳ ಕಾಯ್ದೆಯು ಶಬ್ದಜನ್ಯ ಕಿವುಡನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೆ ಸಾಮಾನ್ಯವಾಗಿ ಅದು ಅನ್ವಯಿಸುತ್ತಿದ್ದುದು ವಿದ್ಯುತ್ ಬಳಸಿ ಹತ್ತು ಮಂದಿಯಾದರೂ ದುಡಿಯುವ ಘಟಕಗಳಿಗೆ. ನಾಲ್ಕು ಮಗ್ಗದ ಮನೆ ಕಾನೂನಿನ ಕಣ್ಣಿಗೆ ಕಾರ್ಖಾನೆಯಾಗಿರಲಿಲ್ಲ, ಮನೆಯಾಗಿತ್ತು. ಅಲ್ಲಿಗೆ ತಪಾಸಕರು ಬರಲಿಲ್ಲ, ಕಿವಿಗೆ ಬೆಣೆ ಕೊಡುವವರೂ ಬರಲಿಲ್ಲ. ತೊಟ್ಟಿಲೂ ಮಗ್ಗದ ಪಕ್ಕದಲ್ಲೇ ತೂಗುತ್ತಿತ್ತು.

ನಮ್ಮ ನಾಡಿಗೆ ಈ ವಿಷಯದ ತಿಳಿವಳಿಕೆ ಇಲ್ಲವೆನ್ನುವಂತಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಕೆಲಸ ಮಾಡುತ್ತಿದೆ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2006-07ರಲ್ಲೇ ಆರಂಭವಾಗಿದೆ. ಇಷ್ಟಿದ್ದರೂ ಕನ್ನಡಕಕ್ಕೆ ಇರುವ ಮರ್ಯಾದೆ ಶ್ರವಣಯಂತ್ರಕ್ಕೆ ಬಂದಿಲ್ಲ. ಕಣ್ಣು ಮಂಜಾದರೆ ವೈದ್ಯರ ಬಳಿ ಓಡುವ ನಾವು ಕಿವಿ ಮಂದವಾದರೆ ಗಾದೆ ಹೇಳಿ ನಗುತ್ತೇವೆ.

ಬೆಂಗಳೂರಿನಲ್ಲಿ ಅಪ್ಪನ ಕಿವಿ ಪರೀಕ್ಷೆ ಮಾಡಿಸಿದೆವು. ಪರೀಕ್ಷೆಯ ಗೆರೆ ತಾರಧ್ವನಿಗಳ ಕಡೆಗೆ ಸಾಗಿದಂತೆ ಬಾವಿಗೆ ಇಳಿದ ಹಗ್ಗದಂತೆ ಕೆಳಗಿಳಿದಿತ್ತು. ಎರಡೂ ಕಿವಿಗೆ ಯಂತ್ರ ಬಂದವು. ಅವು ಹೋದ ಕಿವಿಯನ್ನು ಮರಳಿ ತರುವುದಿಲ್ಲ, ಉಳಿದದ್ದನ್ನು ಬಳಸಲು ನೆರವಾಗುತ್ತವೆ, ಅಷ್ಟೆ. ಮೊದಲ ದಿನಗಳಲ್ಲಿ ಅಪ್ಪ ಗೊಣಗಿದರು: ನಲ್ಲಿಯ ನೀರು, ಪ್ಲಾಸ್ಟಿಕ್ ಚೀಲದ ಸರಬರ ಎಲ್ಲ ಕಿರಿಕಿರಿ ಎಂದು. ನಾನು ಸಬ್‌ವೂಫರ್ ತಗ್ಗಿಸಿ ನಡುವಿನ ಸ್ಪೀಕರಿನ ಮಟ್ಟ ಏರಿಸಿದೆ. ಪೇಟಿಯ ಜೊತೆ ಬಂದ ರಿಮೋಟಿನಲ್ಲಿ ಆ ಗುಂಡಿ ಮೊದಲಿಂದಲೂ ಇತ್ತು.

ಮೊನ್ನೆ 'ಜೇಡರ ಬಲೆ'ಯನ್ನು ಮತ್ತೆ ಹಾಕಿದೆವು. ಎಲ್ಲ ಮಾತೂ ಅವರಿಗೆ ದಕ್ಕಲಿಲ್ಲ. ದಕ್ಕಿದೆಡೆ ಒಂದು ಬೆರಳೆತ್ತಿ ಮೊಮ್ಮಗನಿಗೆ ತೋರಿಸುತ್ತಿದ್ದರು. ದಕ್ಕದೆಡೆ ಹುಡುಗ ಅವರತ್ತ ತಿರುಗಿ, ಮುಖ ಕಾಣುವಂತೆ, ನಿಧಾನವಾಗಿ ಹೇಳುತ್ತಿದ್ದ. ನಡುವೆ ಚಿತ್ರ ನಿಲ್ಲಿಸಿದಾಗ ಪಕ್ಕದ ಮನೆಯ ಮಗ್ಗದ ಸದ್ದು ಗೋಡೆಯಾಚೆಯಿಂದ ಕೇಳಿಬಂತು. ಅಲ್ಲಿ ಮಗ್ಗದ ಮುಂದೆ ನಿಲ್ಲುವ ಹುಡುಗನಿಗೆ ಇಪ್ಪತ್ತೆರಡು ವರ್ಷ. ಮಾರನೆಯ ಬೆಳಿಗ್ಗೆ ಅಪ್ಪ ಔಷಧದ ಅಂಗಡಿಗೆ ಹೋಗಿ ಕಿವಿಗೆ ಇಡುವ ಬೆಣೆ ಎರಡು ಜೊತೆ ತಂದು ಅವನಿಗೆ ಕೊಟ್ಟುಬಂದರು.