ಅಂಗೈಯೊಳಗಿನ ಲಿನಕ್ಸ್ ಕನ್ನಡ ಮಾತಾಡಿತು!

ಕೀಲಿಮಣೆ ಇಲ್ಲ, ಹಾರ್ಡ್ ಡಿಸ್ಕ್ ಇಲ್ಲ. 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್ಪು, ಬರೀ 32 ಮೆಗಾಬೈಟ್ ಮೆಮೊರಿ. ಅಷ್ಟರಲ್ಲೇ ಪೂರಾ ಲಿನಕ್ಸ್ ಓಡುತ್ತಿತ್ತು, ಅದೂ ಕನ್ನಡ ಓದಿ ಹೇಳುತ್ತಿತ್ತು! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಜೊತೆಗೆ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರು ಸೇರಿ ಕಟ್ಟಿದ ಸಿಂಪ್ಯೂಟರ್ ಇದು. ಇದರ ಒಳಗುಟ್ಟು ತಿಳಿದಷ್ಟೂ ಬೆರಗು ಹೆಚ್ಚುತ್ತದೆ.

ಲಿನಕ್ಸ್ ಹುಟ್ಟಿದ್ದು 1991ರಲ್ಲಿ, ಇಂಟೆಲ್ 386 ಚಿಪ್ಪಿನ ಪಿಸಿ ಮೇಲೆ. ಪಿಸಿಯಲ್ಲಿ ಬಯಾಸ್ ಇರುತ್ತದೆ; ಮೆಮೊರಿ, ಡಿಸ್ಕ್, ಪರದೆ ಎಲ್ಲವನ್ನೂ ಅದೇ ಎಬ್ಬಿಸಿ ಕೈಗಿಡುತ್ತದೆ. ಸ್ಟ್ರಾಂಗ್‌ಆರ್ಮ್‌ಗೆ ಆ ಭಾಗ್ಯವಿಲ್ಲ! ಗುಂಡಿ ಒತ್ತಿದ ಕ್ಷಣ ಚಿಪ್ಪು ಫ್ಲ್ಯಾಶ್‌ನ ಸೊನ್ನೆಯ ವಿಳಾಸದಿಂದ ಆಜ್ಞೆ ಓದತೊಡಗುತ್ತದೆ. ಅಲ್ಲಿ ಕೂತ ಪುಟ್ಟ ಬೂಟ್‌ಲೋಡರ್ ಮೆಮೊರಿಯ ತಾಳವನ್ನು ಹೊಂದಿಸಬೇಕು. ತಪ್ಪಿದರೆ ದೋಷ ಹೇಳಲು ಪರದೆಯೂ ಎದ್ದಿರುವುದಿಲ್ಲ. ಸೀರಿಯಲ್ ತಂತಿಯೊಂದೇ ಗತಿ. ಆ ತಂತಿಯಲ್ಲಿ ಕರ್ನೆಲ್‌ನ ಮೊದಲ ಸಾಲು ಹರಿದು ಬರುವ ಗಳಿಗೆಯನ್ನು ಊಹಿಸಿ ನೋಡಿ! ಬ್ರಿಟನ್ನಿನ ರಸೆಲ್ ಕಿಂಗ್ 1994ರಿಂದಲೇ ಲಿನಕ್ಸನ್ನು ಆರ್ಮ್‌ಗೆ ಹೊಂದಿಸುತ್ತ ಬಂದಿದ್ದರು. ಅವರು ಹಾಕಿದ ಆ ದಾರಿಯಲ್ಲೇ ಸಿಂಪ್ಯೂಟರ್‌ಗೂ ಲಿನಕ್ಸ್ ಇಳಿಯಿತು.

ನನ್ನನ್ನು ತೀರಾ ಮರುಳುಗೊಳಿಸಿದ್ದು ಧ್ವನಿ. ಈ ಚಿಪ್ಪಿಗೆ ದಶಾಂಶ ಲೆಕ್ಕದ ಯಂತ್ರಾಂಗವೇ ಇಲ್ಲ. ಅಂಥ ಲೆಕ್ಕವನ್ನೆಲ್ಲ ಪೂರ್ಣಾಂಕಗಳಲ್ಲೇ ನಿಭಾಯಿಸಬೇಕು. ಹಾಗಿದ್ದೂ ಕನ್ನಡವನ್ನು ನುಡಿಸಿದ್ದು ಹೇಗೆ? ಮೊದಲೇ ಧ್ವನಿಮುದ್ರಿಸಿದ ಚಿಕ್ಕ ಚಿಕ್ಕ ಉಲಿಗಳನ್ನು ಕುಗ್ಗಿಸಿ ಇಟ್ಟುಕೊಂಡು, ಹೂಮಾಲೆ ಕಟ್ಟಿದಂತೆ ಒಂದಕ್ಕೊಂದು ಪೋಣಿಸುವ ‘ಧ್ವನಿ’ ಎಂಬ ತಂತ್ರಾಂಶ! ಓದು ಬಾರದ ರೈತನೊಂದಿಗೂ ಕಂಪ್ಯೂಟರ್ ಮಾತಾಡಬೇಕೆಂಬ ಹಟ ಅದರ ಹಿಂದಿತ್ತು.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ‘ಅಮಿಡಾ’ ಹೆಸರಲ್ಲಿ ಸಿಂಪ್ಯೂಟರನ್ನು ತಯಾರಿಸಿತು. ಅಲುಗಾಡಿಸಿದರೆ ಅರಿಯುವ ಸಂವೇದಕವೂ ಅದರಲ್ಲಿತ್ತು, ಐಫೋನ್ ಬರುವುದಕ್ಕೆ 3 ವರ್ಷ ಮೊದಲೇ! ಮಾರಾಟ ಮಾತ್ರ ಕುದುರಲಿಲ್ಲ. ಅದು ಎಂಜಿನಿಯರಿಂಗಿನ ಸೋಲೆಂದು ನಾನು ಒಪ್ಪುವುದಿಲ್ಲ.

ನಂದೂರ, ಕಮಲಾಪುರದ ಕಡೆಯಿಂದ ಕಲಬುರಗಿಯ ಕಾಲೇಜುಗಳಿಗೆ ಬಸ್ಸು ಹತ್ತುವ ಹುಡುಗ ಹುಡುಗಿಯರೇ, ಧ್ವನಿಯ ಸೋರ್ಸ್ ಕೋಡ್ ಮುಕ್ತವಾಗಿದೆ, ಲಿನಕ್ಸ್‌ನದೂ ಮುಕ್ತ. ಲಿನಕ್ಸ್‌ನ ಆರ್ಮ್ ಫೋಲ್ಡರ್ ಒಮ್ಮೆ ತೆರೆದು ಓದಿ. ಹೊಸ ಯಂತ್ರವೊಂದಕ್ಕೆ ಲಿನಕ್ಸನ್ನು ನೀವೇ ಇಳಿಸಿ ನೋಡಿ.