ಹೊಸ ಕ್ಲಚ್ ಹಾಕಿಸಿದ ಮೇಲೂ ಗೇರ್ ಬೀಳದಿದ್ದರೆ?

ಕಳಂಬೋಲಿಯ ಉಕ್ಕಿನ ಮಾರುಕಟ್ಟೆಗಾಗಲಿ, ಪುಣೆ ಪಕ್ಕದ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಕ್ಕಾಗಲಿ ಹೋದರೆ ಕೆಎ 22, ಕೆಎ 25, ಕೆಎ 28 ಎಂದು ಶುರುವಾಗುವ ನಂಬರಿನ ಲಾರಿಗಳು ಕಣ್ಣಿಗೆ ಬಿದ್ದೇ ಬೀಳುತ್ತವೆ. ಬೆಳಗಾವಿ, ಧಾರವಾಡ, ವಿಜಯಪುರದ ಗಾಡಿಗಳು. ಅವುಗಳಲ್ಲಿ ಎಷ್ಟೋ ಗಾಡಿಗಳಿಗೆ ಮಾಲೀಕನೇ ಚಾಲಕ. ಸಾಲದ ಕಂತು, ಡೀಸೆಲ್, ಟೋಲ್ ಎಲ್ಲ ಕಳೆದು ಉಳಿದದ್ದಷ್ಟೇ ಮನೆಗೆ. ಇಂಥವರಿಗೆ ಊರಿನಿಂದ ದೂರದಲ್ಲಿ ಕ್ಲಚ್ ಹೋದರೆ ಅದೇ ಒಂದು ದೊಡ್ಡ ಪೆಟ್ಟು. ಹೊಸ ಕ್ಲಚ್ ಹಾಕಿಸಿ, ದುಡ್ಡು ಎಣಿಸಿಕೊಟ್ಟು ಗಾಡಿ ಹೊರಗೆ ತೆಗೆದಾಗ ಗೇರ್ ಮೊದಲಿಗಿಂತಲೂ ಬಿಗಿಯಾಗಿದ್ದರೆ?

ಆಗ ಗ್ಯಾರೇಜಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ. ಒಂದು, ‘ಹೊಸದಲ್ಲವೇ, ನಾಲ್ಕು ದಿನ ಓಡಿಸಿ, ಸೆಟ್ ಆಗುತ್ತೆ.’ ಇನ್ನೊಂದು, ‘ಗೇರ್‌ಬಾಕ್ಸೇ ಹೋಗಿದೆ, ಬಿಚ್ಚಬೇಕು.’ ಮೊದಲನೆಯದನ್ನು ನಂಬಿದರೆ ಚೆನ್ನಾಗಿದ್ದ ಗೇರ್‌ಬಾಕ್ಸ್ ನಿಜವಾಗಿಯೂ ಹಾಳಾಗುತ್ತದೆ. ಎರಡನೆಯದನ್ನು ನಂಬಿದರೆ ಬೇಡದ ಕೆಲಸಕ್ಕೆ ದುಡ್ಡು ತೆರಬೇಕಾಗುತ್ತದೆ. ಇವೆರಡರ ನಡುವೆ ಐದು ನಿಮಿಷದ ಒಂದು ಪರೀಕ್ಷೆ ಇದೆ. ಅದಕ್ಕೆ ಪಾನಾ ಕೂಡ ಬೇಕಿಲ್ಲ.

ಕ್ಲಚ್ ‘ಬಿಡುವುದು’ ಅಂದರೇನು?

ಎಂಜಿನ್ ತಿರುಗುತ್ತಿರುವಾಗ ಫ್ಲೈವ್ಹೀಲ್ ತಿರುಗುತ್ತದೆ. ಅದಕ್ಕೂ ಪ್ರೆಶರ್ ಪ್ಲೇಟಿಗೂ ನಡುವೆ ಸಿಕ್ಕಿಕೊಂಡ ಕ್ಲಚ್ ಪ್ಲೇಟ್ ಜೊತೆಗೇ ತಿರುಗಿ, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟನ್ನು ತಿರುಗಿಸುತ್ತದೆ. ಪೆಡಲ್ ತುಳಿದಾಗ ಪ್ರೆಶರ್ ಪ್ಲೇಟ್ ಹಿಂದೆ ಸರಿದು ಕ್ಲಚ್ ಪ್ಲೇಟ್ ಸಡಿಲವಾಗಬೇಕು. ಅದು ಸರಿಯುವುದು ಬರೀ ಒಂದೆರಡು ಮಿಲಿಮೀಟರ್. ಆ ಅಂತರದಲ್ಲಿ ಸ್ವಲ್ಪ ಕಡಿಮೆಯಾದರೂ ಪ್ಲೇಟ್ ಫ್ಲೈವ್ಹೀಲಿಗೆ ಉಜ್ಜುತ್ತಾ ತಿರುಗುತ್ತಲೇ ಇರುತ್ತದೆ. ಇದಕ್ಕೇ ಮೆಕ್ಯಾನಿಕ್‌ಗಳು ‘ಕ್ಲಚ್ ಡ್ರ್ಯಾಗ್’ ಅನ್ನುವುದು.

ಗೇರ್‌ಬಾಕ್ಸಿನೊಳಗಿನ ಸಿಂಕ್ರೊನೈಸರ್ ರಿಂಗ್ ಪುಟ್ಟದೊಂದು ಬ್ರೇಕ್ ಇದ್ದ ಹಾಗೆ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಒಂದೇ ವೇಗಕ್ಕೆ ತಂದ ಮೇಲೆ ಮಾತ್ರ ಅದು ಹಲ್ಲುಗಳನ್ನು ಕೂಡಲು ಬಿಡುತ್ತದೆ. ಬಿಡುಗಡೆಯಾದ ಶಾಫ್ಟನ್ನು ನಿಧಾನಿಸುವ ಶಕ್ತಿ ಅದಕ್ಕಿದೆ. ಎಂಜಿನ್ನನ್ನೇ ನಿಧಾನಿಸುವ ಶಕ್ತಿ ಇಲ್ಲ. ಕ್ಲಚ್ ಪೂರ್ತಿ ಬಿಡದಿದ್ದರೆ ಆ ಪುಟ್ಟ ರಿಂಗು ಪ್ರತಿ ಗೇರಿಗೂ ಎಂಜಿನ್ ಜೊತೆ ಕುಸ್ತಿ ಹಿಡಿಯಬೇಕು. ಲಿವರ್ ಬಿಗಿಯಾಗುವುದು ಅದಕ್ಕೆ. ‘ಸೆಟ್ ಆಗುವ’ವರೆಗೆ ಓಡಿಸಿದರೆ ಸವೆಯುವುದು ಈ ರಿಂಗೇ. ಹೊಸ ಲೈನಿಂಗ್ ಹೊಂದಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಬೇಕು, ನಿಜ. ಆಗ ಸ್ವಲ್ಪ ವಾಸನೆ ಬರಬಹುದು, ಗಾಡಿ ತುಸು ಜಗ್ಗಬಹುದು. ಗೇರ್ ಬೀಳದಿರುವುದು ಮಾತ್ರ ಹೊಸತನದ ಲಕ್ಷಣವಲ್ಲ.

ಐದು ನಿಮಿಷದ ಪರೀಕ್ಷೆ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಏರ್ ಟ್ಯಾಂಕ್ ಪೂರ್ತಿ ತುಂಬಿದ ಮೇಲೆ ಎಂಜಿನ್ ಬಂದ್ ಮಾಡಿ. ಕ್ಲಚ್ ತುಳಿದು ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಹಲ್ಲಿಗೆ ಹಲ್ಲು ಎದುರಾಗಿ ಒಂದು ಗೇರ್ ತಡೆದರೆ ಕ್ಲಚ್ ಬಿಟ್ಟು ಮತ್ತೆ ತುಳಿದು ಪ್ರಯತ್ನಿಸಿ.

ಆಮೇಲೆ ಎಂಜಿನ್ ಚಾಲೂ ಮಾಡಿ, ನಿಧಾನ ಓಟದಲ್ಲೇ ಇರಲಿ. ಕ್ಲಚ್ ಪೂರ್ತಿ ತುಳಿದು, ನಾಲ್ಕೈದು ಸೆಕೆಂಡ್ ಕಾದು ರಿವರ್ಸ್ ಹಾಕಿ. ಈ ಹೊತ್ತಿನಲ್ಲಿ ಗಾಡಿಯ ಹಿಂದೆ ಮುಂದೆ, ಕೆಳಗೆ ಯಾರೂ ಇರಬಾರದು.

ಬಂದ್ ಇದ್ದಾಗ ಸಲೀಸು, ಚಾಲೂ ಇದ್ದಾಗ ಬಿಗಿ ಅಥವಾ ‘ಕರ್ರ್’ ಎಂಬ ಸದ್ದು ಬಂದರೆ ಕ್ಲಚ್ ಬಿಡುತ್ತಿಲ್ಲ. ಗೇರ್‌ಬಾಕ್ಸ್ ಬಿಚ್ಚುವ ಮಾತೇ ಬೇಡ. ಬಂದ್ ಇದ್ದಾಗಲೂ ಅಷ್ಟೇ ಬಿಗಿಯಾಗಿದ್ದರೆ ಕ್ಲಚ್ ಬಿಟ್ಟು ಗೇರ್ ಲಿವರಿನ ಕಡೆ ನೋಡಬೇಕು.

ಮೊದಲು ಹೊರಗಿನದು

ಗೇರ್‌ಬಾಕ್ಸ್ ಮತ್ತೆ ಇಳಿಸುವ ಕೂಲಿಯೇ ದೊಡ್ಡ ಖರ್ಚು. ಆದ್ದರಿಂದ ಹೊರಗಿನಿಂದ ನೋಡಬಹುದಾದದ್ದೆಲ್ಲ ಮೊದಲು ಮುಗಿಯಲಿ.

ಪೆಡಲನ್ನು ಬೇಗ ಬೇಗ ಮೂರ್ನಾಲ್ಕು ಸಲ ತುಳಿದು ಗೇರ್ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಮಾಸ್ಟರ್ ಸಿಲಿಂಡರ್ ಒತ್ತಡ ಹಿಡಿಯುತ್ತಿಲ್ಲ. ಕ್ಲಚ್ ಬದಲಿಸುವಾಗ ಸ್ಲೇವ್ ಸಿಲಿಂಡರ್ ಅಥವಾ ಬೂಸ್ಟರ್ ಬಿಚ್ಚಿದ್ದರೆ ಗಾಳಿ ಹೊಕ್ಕಿರುವ ಸಂಭವ ಹೆಚ್ಚು. ಸರಿಯಾಗಿ ಬ್ಲೀಡ್ ಮಾಡಿಸಿದರೆ ಸಾಕು. ಕೈಪಿಡಿಯಲ್ಲಿ ಹೇಳಿದ ಬ್ರೇಕ್ ದ್ರವವನ್ನೇ ಹಾಕಿಸಿ. ಕೈಗೆ ಸಿಕ್ಕ ಎಣ್ಣೆ ಸುರಿದರೆ ರಬ್ಬರ್ ಸೀಲುಗಳು ಉಬ್ಬಿ ಇನ್ನೊಂದು ತಾಪತ್ರಯ.

ಎರಡನೆಯದು ಪೆಡಲಿನ ಫ್ರೀ ಪ್ಲೇ. ಇದನ್ನು ಬಹಳ ಜನ ಮರೆಯುತ್ತಾರೆ. ಹಳೆಯ ಪ್ಲೇಟ್ ಸವೆಯುತ್ತಾ ಹೋದ ಹಾಗೆ ಪ್ರೆಶರ್ ಪ್ಲೇಟಿನ ಬೆರಳುಗಳು ರಿಲೀಸ್ ಬೇರಿಂಗಿನ ಕಡೆಗೆ ಬರುತ್ತವೆ. ಕೈಯಿಂದ ಹೊಂದಿಸುವ ರಾಡ್ ಇರುವ ಗಾಡಿಗಳಲ್ಲಿ ಚಾಲಕರು ಆಗಾಗ ರಾಡನ್ನು ಚಿಕ್ಕದು ಮಾಡುತ್ತಾ ಬಂದಿರುತ್ತಾರೆ. ಹೊಸ ಪ್ಲೇಟ್ ಹಾಕಿದ ಮೇಲೆ ಬೆರಳುಗಳು ಮತ್ತೆ ಹಿಂದಕ್ಕೆ ಹೋಗುತ್ತವೆ. ರಾಡ್ ಮಾತ್ರ ಹಳೆಯ ಅಳತೆಯಲ್ಲೇ ಉಳಿಯುತ್ತದೆ. ಆಗ ಪೆಡಲಿನ ಅರ್ಧ ಓಟ ಬೇರಿಂಗ್ ಮುಟ್ಟುವುದರಲ್ಲೇ ಕಳೆದುಹೋಗುತ್ತದೆ, ಕ್ಲಚ್ ಬಿಡಲು ಓಟವೇ ಉಳಿಯುವುದಿಲ್ಲ. ಒಂದು ನಟ್ ತಿರುಗಿಸಿದರೆ ಮುಗಿಯುವ ಕೆಲಸ ಇದು. ಪೆಡಲ್ ಕೆಳಗೆ ಮಡಚಿಕೊಂಡ ಮ್ಯಾಟ್ ಇದೆಯೇ ಎಂಬುದನ್ನೂ ನೋಡಿ.

ಮೂರನೆಯದು ಬೂಸ್ಟರ್. ಅದಕ್ಕೆ ಗಾಳಿಯ ಬಲ ಬೇಕು. ಸೋರಿಕೆ ಇದ್ದರೆ ಪೆಡಲ್ ಕಲ್ಲಿನಂತಾಗುತ್ತದೆ. ಎಂಜಿನ್ ಬಂದ್ ಮಾಡಿ, ಒಬ್ಬರು ಪೆಡಲ್ ತುಳಿಯಲಿ, ಇನ್ನೊಬ್ಬರು ಫೋರ್ಕ್ ತಳ್ಳುವ ರಾಡ್ ಎಷ್ಟು ಮುಂದೆ ಬರುತ್ತದೆ ಎಂದು ಅಳೆಯಲಿ. ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇದ್ದರೆ ದೋಷ ಹೊರಗೇ ಇದೆ. ಪೂರ್ತಿ ಬಂದರೂ ಕ್ಲಚ್ ಬಿಡದಿದ್ದರೆ ಮಾತ್ರ ಒಳಗೆ ನೋಡಬೇಕು.

ಬಂದ್ ಇದ್ದಾಗಲೂ ಗೇರ್ ಬಿಗಿ ಎಂದಾದರೆ ಗೇರ್‌ಬಾಕ್ಸ್ ಇಳಿಸುವಾಗ ಕಳಚಿದ ಕೇಬಲ್ ಅಥವಾ ರಾಡ್ ತಪ್ಪಾಗಿ ಕೂತಿರಬಹುದು. ಒಂದು ಸಾಲಿನ ಗೇರುಗಳಷ್ಟೇ ಕಷ್ಟ, ಉಳಿದವು ಸರಿ ಎಂದರೆ ಅನುಮಾನ ಅಲ್ಲಿಗೇ ಹೋಗಬೇಕು. ಗೇರ್ ಎಣ್ಣೆ ಬದಲಿಸಿದ್ದರೆ ಯಾವ ಗ್ರೇಡ್ ಹಾಕಿದರು ಎಂದು ಕೇಳಿ.

ಇಳಿಸಲೇಬೇಕಾದಾಗ

ಒಳಗೆ ನೋಡಬೇಕಾದ ಅಂಶಗಳು ಇಷ್ಟು. ಕ್ಲಚ್ ಪ್ಲೇಟ್ ಹಿಂದುಮುಂದಾಗಿ ಕೂತಿದೆಯೇ? ಫ್ಲೈವ್ಹೀಲ್ ಕಡೆ ಯಾವುದು ಎಂದು ಅನೇಕ ಪ್ಲೇಟುಗಳ ಮೇಲೆ ಬರೆದೇ ಇರುತ್ತದೆ. ಪ್ಲೇಟ್ ಸೊಟ್ಟಗಾಗಿದೆಯೇ? ಗೇರ್‌ಬಾಕ್ಸ್ ಜೋಡಿಸುವಾಗ ಅದರ ಭಾರವನ್ನೆಲ್ಲ ಪ್ಲೇಟಿನ ಹಬ್ ಮೇಲೆ ಜೋತುಬಿಟ್ಟರೆ ಹೊಸ ಪ್ಲೇಟೂ ಬಾಗುತ್ತದೆ. ಪ್ಲೇಟಿನ ಅಳತೆ, ದಪ್ಪ, ಹಲ್ಲಿನ ಲೆಕ್ಕ ಗಾಡಿಗೆ ಹೊಂದುತ್ತದೆಯೇ? ಅದು ಶಾಫ್ಟಿನ ಸ್ಪ್ಲೈನ್ ಮೇಲೆ ಕೈಯಲ್ಲೇ ಸರಾಗವಾಗಿ ಜಾರಬೇಕು. ತುಕ್ಕು ಇರಬಾರದು. ಗ್ರೀಸ್ ತೆಳುವಾಗಿ ಸವರಿ ಹೆಚ್ಚಿದ್ದನ್ನು ಒರೆಸಿರಬೇಕು.

ಕೊನೆಯದಾಗಿ ಫ್ಲೈವ್ಹೀಲ್ ನಡುವಿನ ಪೈಲಟ್ ಬೇರಿಂಗ್. ಇದು ಹಿಡಿದುಕೊಂಡರೆ ಕ್ಲಚ್ ಎಷ್ಟೇ ಚೆನ್ನಾಗಿ ಬಿಟ್ಟರೂ ಎಂಜಿನ್ ನೇರವಾಗಿ ಶಾಫ್ಟನ್ನು ಎಳೆದುಕೊಂಡು ತಿರುಗುತ್ತದೆ. ಇಡೀ ಕೆಲಸದಲ್ಲಿ ಅತಿ ಅಗ್ಗದ ಸಾಮಾನುಗಳಲ್ಲಿ ಇದೂ ಒಂದು. ಅದನ್ನು ಹಳೆಯದೇ ಬಿಟ್ಟು ಉಳಿಸುವ ದುಡ್ಡು ಉಳಿತಾಯವಲ್ಲ. ಮಳೆಗಾಲದಲ್ಲಿ ಮುಂಬಯಿ, ಪನವೇಲ್ ಕಡೆ ವಾರಗಟ್ಟಲೆ ನಿಂತ ಗಾಡಿಯಲ್ಲಿ ಪ್ಲೇಟು ತುಕ್ಕಿನಿಂದ ಫ್ಲೈವ್ಹೀಲಿಗೆ ಅಂಟಿಕೊಳ್ಳುವುದೂ ಉಂಟು.

ಘಾಟಿನಲ್ಲಿ ಇದು ದುಡ್ಡಿನ ಮಾತಲ್ಲ

ಸಾತಾರಾ ಕಡೆಯಿಂದ ಬಂದು ಹೊಸ ಕಾತ್ರಜ್ ಸುರಂಗ ದಾಟಿದರೆ ಪುಣೆಯ ನವಲೆ ಸೇತುವೆಯ ತನಕ ಉದ್ದನೆಯ ಇಳಿಜಾರು. ನಮ್ಮ ಊರಿನಿಂದ ಮುಂಬಯಿಗೆ ಹೊರಟ ಗಾಡಿಗಳ ದಾರಿಯೇ ಅದು. ಲಾರಿ ಅಪಘಾತಗಳಿಗೆ ಕುಖ್ಯಾತವಾದ ಜಾಗ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರ ಬಗ್ಗೆ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಆದರೆ ಕ್ಲಚ್ ಸರಿಯಾಗಿ ಬಿಡದ ಗಾಡಿಯಲ್ಲಿ ಚಾಲಕ ಬಯಸದೆಯೇ ನ್ಯೂಟ್ರಲ್‌ಗೆ ಬೀಳುತ್ತಾನೆ. ಕೆಳಗಿನ ಗೇರಿಗೆ ಇಳಿಸಲು ಹೋದಾಗ ಇದ್ದ ಗೇರ್ ಕಳಚುತ್ತದೆ, ಬೇಕಾದ ಗೇರ್ ಕೂರುವುದಿಲ್ಲ. ಎಂಜಿನ್ನಿನ ತಡೆ ಇಲ್ಲದೆ ತುಂಬಿದ ಲಾರಿಯ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಗೇರ್ ಸರಿಯಾಗುವ ಮುನ್ನ ಲೋಡ್ ತುಂಬಿ ಘಾಟ್ ಇಳಿಯಬೇಡಿ. ಬಾಡಿಗೆ ಒಂದು ದಿನ ತಡವಾಗಲಿ.

ಹೇಳುವ ರೀತಿ

ಪರ ಊರಿನಲ್ಲಿ ಭಾಷೆಯೂ ಒಂದು ಅಡ್ಡಿ. ‘ಗೇರ್ ಹಾರ್ಡ್ ಹೈ’ ಎಂದಷ್ಟೇ ಹೇಳಿದರೆ ಮೆಕ್ಯಾನಿಕ್‌ನ ಕೈ ಗೇರ್‌ಬಾಕ್ಸಿಗೇ ಹೋಗುತ್ತದೆ. ಪರೀಕ್ಷೆಯ ಫಲವನ್ನೇ ಹೇಳಿ. ಹಿಂದಿಯಲ್ಲಾದರೆ, ‘ಗಾಡಿ ಬಂದ್ ಮೇಂ ಗೇರ್ ಲಗ್ತಾ ಹೈ, ಚಾಲೂ ಮೇಂ ನಹೀಂ ಲಗ್ತಾ.’ ಮರಾಠಿಯಲ್ಲಾದರೆ, ‘ಗಾಡೀ ಬಂದ ಅಸತಾನಾ ಗಿಯರ್ ಪಡತೋ, ಚಾಲೂ ಅಸತಾನಾ ಪಡತ ನಾಹೀ.’ ಇಷ್ಟು ಹೇಳಿದರೆ ತಿಳಿದ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದಂತೆ. ನಿಮಗೂ ವಿಷಯ ಗೊತ್ತಿದೆ ಎಂಬುದು ಅವನಿಗೆ ತಿಳಿಯುತ್ತದೆ.

ಕ್ಲಚ್ ಕೆಲಸಕ್ಕೆ ಗಾಡಿ ಬಿಡುವಾಗ ಹೊಸ ಪ್ಲೇಟಿನ ಪಾರ್ಟ್ ನಂಬರ್, ಡಬ್ಬಿ, ಕೂರಿಸುವ ಮುಂಚಿನ ಪ್ಲೇಟು, ಪೈಲಟ್ ಬೇರಿಂಗ್ ಎಲ್ಲದರ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಬಿಲ್ಲಿನಲ್ಲಿ ಸಾಮಾನಿನ ಹೆಸರು ಬರೆಸಿಕೊಳ್ಳಿ. ಹಳೆಯ ಸಾಮಾನು ವಾಪಸ್ ಕೇಳಿ. ಗೇರ್‌ಬಾಕ್ಸ್ ಎರಡನೇ ಸಲ ಇಳಿಸುವ ಪ್ರಸಂಗ ಬಂದರೆ ಕೂಲಿ ಯಾರದು ಎಂಬ ಜಗಳಕ್ಕೆ ಇವೇ ಸಾಕ್ಷಿ. ಮತ್ತೆ, ಪೂರ್ತಿ ಹಣ ಕೊಡುವ ಮುಂಚೆ ಗ್ಯಾರೇಜಿನ ಅಂಗಳದಲ್ಲೇ ಎಂಜಿನ್ ಒಮ್ಮೆ ಬಂದ್ ಮಾಡಿ, ಒಮ್ಮೆ ಚಾಲೂ ಮಾಡಿ, ಎಲ್ಲ ಗೇರುಗಳನ್ನೂ ಹಾಕಿ ನೋಡಿ.